ಬಲ್ಲಷ್ಟು

ಬ್ರಾಡ್‌ಫರ್ಡಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ
ದೇವರುಗಳಿಗೊಂದು ಕಪಾಟಿದೆ.
ಬೀಗದ ಕೈ ಮಾರಿಯನ್ ಥ್ಯಾಕ್ರೆಯ ಸೊಂಟದಲ್ಲಿ.
ಒಂದೊಂದು ಗ್ರಂಥಕ್ಕೂ ಒಂದೊಂದು ಬಟ್ಟೆ.
ಮುಟ್ಟುವ ಮುನ್ನ ಅವಳು ಕೈ ತೊಳೆಯುತ್ತಾಳೆ,
ಯಾವುದನ್ನೂ ಓದಿದವಳಲ್ಲ.
"ನಿಮ್ಮದು ಯಾವುದು, ಲವ್?" ಎಂದಳು ಮೊದಲ ದಿನ,
ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ಹಾಗೆ.

ನಮ್ಮದು ಅಲ್ಲಿರಲಿಲ್ಲ.
ಕಾರ್ಕಳದ ಅಜ್ಜ ತಾಳೆಗರಿಯ ಕಟ್ಟು ಬಿಚ್ಚಿ
ಒಂದು ಸಾಲಿಗೆ ಒಂದು ಮಧ್ಯಾಹ್ನ ಕೊಡುತ್ತಿದ್ದರು:
ಹೀಗೆ ನೋಡಿದರೆ ಹೌದು, ಹಾಗೆ ನೋಡಿದರೆ ಅಲ್ಲ,
ಎರಡೂ ಕಡೆ ಒಮ್ಮೆಗೇ ನಿಂತರೆ ಬಾಯಿಗೆ ಬಾರದು.
ಒಳಗಿಂದ ಅಜ್ಜಿಯ ಕೂಗು:
"ಹೊತ್ತು ಮುಳುಗುತ್ತದೆ. ಅರ್ಥ ನಾಳೆಗೂ ಉಂಟು,
ಗಂಜಿ ಈಗಲೇ ಉಣ್ಣಬೇಕು!"

ಹಾಗಾಗಿ ನಾನು ಪುಸ್ತಕವಿಲ್ಲದೆ ಮಾತು ಕೊಡುತ್ತೇನೆ.
ಸಾಕ್ಷಿಯಿಂದ ಕೋರ್ಟು ಕೇಳುವುದು
ಇಡೀ ಸತ್ಯ, ಬರೀ ಸತ್ಯ.
ದುಭಾಷಿಗೆ ಮಾತ್ರ ಪ್ರಮಾಣದ ಕೊನೆಗೆ
ಸಣ್ಣದೊಂದು ಸಂದು ಬಿಟ್ಟಿದ್ದಾರೆ:
ನಾ ಬಲ್ಲಷ್ಟು, ನನಗೆ ತಿಳಿದಷ್ಟು.
ಹದಿನಾಲ್ಕು ವರ್ಷದಿಂದ ಆ ಸಂದಿನಲ್ಲೇ ನನ್ನ ಸಂಸಾರ.

ಈ ಮಂಗಳವಾರ ಕಟಕಟೆಯಲ್ಲಿ
ಬೀದರಿನ ಯೇಸುಮಿತ್ರ ಹೊಸಮನಿ,
ಎಪ್ಪತ್ತೊಂದು, ಎರಡು ಮಂಡಿಗೂ ಪಟ್ಟಿ.
ಲೀಡ್ಸ್ ರಸ್ತೆಯ ಮನೆಯೊಂದರಲ್ಲಿ ಭಾನುವಾರದ ಕೂಟ,
ಅಲ್ಲಿ ನರಕದ ಬೆಂಕಿಯ ಮಾತು ಬಂತು.
"ಬೆಂಕಿ ಅಂದ್ರ ಬೆಂಕೀನೇ" ಎಂದರು ಇವರು,
"ಕೈ ಇಟ್ರ ಸುಡೋ ಬೆಂಕಿ."
ಆಸ್ಪತ್ರೆಯಲ್ಲಿ ನರ್ಸಾಗಿರುವ ಸುಬೋಧ ಎಂದ:
"ಅದು ಸಂಕಟಕ್ಕ ಇಟ್ಟ ಹೆಸರು, ಕಾಕಾ.
ರಾತ್ರಿ ಪಾಳೇದಾಗ ನಾ ದಿನಾ ನೋಡ್ತೀನಿ."
"ಬರದದ್ದು ಬರದಂಗ ಓದಲೇ!
ನಾಲಿಗಿ ಸೀಳಿಬಿಡ್ತೀನಿ."
ಕೈಯಲ್ಲಿ ಬ್ರೆಡ್ಡು ಕೊಯ್ಯುವ ಚಾಕು.
ಪೊಲೀಸರಿಗೆ ಫೋನು ಮಾಡಿದವರು ಯಾರು,
ಯಾರೂ ಹೇಳುತ್ತಿಲ್ಲ.

ಈಗ ಅವರು ಕಂಬಿ ಹಿಡಿದು ನನ್ನ ಕಡೆ ತಿರುಗಿ:
"ಹೇಳವ್ವಾ ಇವ್ರಿಗೆ. ಅದು ಆಡೋ ಮಾತು.
ಮಾತಿನ ಹಿಂದ ಏನೈತಿ ನೋಡಬೇಕು,
ಅಕ್ಷರ ಹಿಡಕೊಂಡು ಜಗ್ಗಬಾರದು."
ಹಿಂದಿನ ಬೆಂಚಿನಲ್ಲಿ ಸುಬೋಧ ತಲೆ ಎತ್ತಿದ.
ನಾನು ಅದನ್ನೂ ಇಂಗ್ಲಿಷಿಗೆ ದಾಟಿಸಿದೆ,
ಒಂದು ಹನಿ ಚೆಲ್ಲದೆ.

ನಡುವೆ ಕೂತ ಮ್ಯಾಜಿಸ್ಟ್ರೇಟಮ್ಮ ಕೆಮ್ಮಿನ ಗುಳಿಗೆಯನ್ನು
ಈ ದವಡೆಯಿಂದ ಆ ದವಡೆಗೆ ಸರಿಸಿ ಕೇಳಿದರು:
ನಿಮ್ಮ ಭಾಷೆಯಲ್ಲಿ ಆ ಮಾತಿನ ನಿಜವಾದ ಅರ್ಥ ಏನು?

ನಿಜವಾದ ಅರ್ಥ.
ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನನ್ನಮ್ಮ ಹಾಗೆಂದದ್ದುಂಟು,
ತಲೆಗೆ ಎಣ್ಣೆ ತಟ್ಟುತ್ತಲೇ.
ನಮ್ಮ ಕೇರಿಯಾಚೆಯ ಧಣಿಯೊಬ್ಬ ಹಾಗೆಂದು
ಹಾಗೆಯೇ ಮಾಡಿದ್ದೂ ಉಂಟು.
ಆ ಆಳು ಆಮೇಲೆ ಬದುಕಿಡೀ
ಬೆರಳಿನಲ್ಲೇ ಮಾತಾಡಿದ.
ಅಕ್ಷರ ಒಂದೂ ಬೇರೆಯಲ್ಲ.

"ಇದ್ದಂತೆ ಹೇಳಿದರೆ, ನಾಲಗೆಯನ್ನು ಎರಡು ಮಾಡುತ್ತೇನೆ ಎಂದು.
ತಾಯಂದಿರು ಮಕ್ಕಳನ್ನು ಹೀಗೆ ಗದರುತ್ತಾರೆ" ಎಂದೆ.
ಗುಮಾಸ್ತ ಕೀಲಿಗಳ ಮೇಲೆ ಬೆರಳಿಟ್ಟುಕೊಂಡೇ ಕಾದ,
ಇನ್ನೂ ಇದೆಯೇ ಎನ್ನುವ ಹಾಗೆ.
ಇತ್ತು.
ನೀರು ಕುಡಿದೆ.

ಎಚ್ಚರಿಕೆ ಕೊಟ್ಟು ಬಿಟ್ಟರು.
ಮಾರಿಯನ್ ಮೂಲೆಗೆ ಮೂಲೆ ಕೂಡಿಸಿ
ಅವರು ಆಣೆಯಿಟ್ಟ ಪುಸ್ತಕವನ್ನು ಬಟ್ಟೆಗೆ ಮರಳಿಸುತ್ತಿದ್ದಳು.
ಹೊರಗೆ, ಚಹಾದ ಯಂತ್ರದ ಪಕ್ಕ,
ಕಕ್ಷಿದಾರರೊಡನೆ ನಾನು ಮಾತಾಡುವಂತಿಲ್ಲ,
ಅವರಿಗದು ಗೊತ್ತಿಲ್ಲ.
"ನೀ ಯಾವ ಪುಸ್ತಕದ ಮ್ಯಾಲ ಆಣಿ ಮಾಡಿದಿ ಅವ್ವಾ?
ನಾ ಕಾಣಲಿಲ್ಲ."
ಯಾವುದರ ಮೇಲೂ ಅಲ್ಲ, ಎಂದೆ.
"ಮತ್ತ ಖರೇನ ಹೇಳಿದಿ?"

ಅಷ್ಟರಲ್ಲಿ ಸುಬೋಧ ಬಂದ.
ಬಂದವನು ಏನೂ ಅನ್ನದೆ
ಮುದುಕರ ಕೋಟನ್ನು ಬಿಡಿಸಿ ಹಿಡಿದು ನಿಂತ.
ಅವರು ಬಯ್ಯುತ್ತ ಒಂದು ತೋಳು ತೂರಿಸಿದರು,
ಬಯ್ಯುತ್ತ ಇನ್ನೊಂದು.
ಏನೆಂದು ಬೈದರೆಂದು
ಯಾರೂ ನನ್ನನ್ನು ಕೇಳಲಿಲ್ಲ.